ಹತ್ತು ಸುತ್ತು

ವಾಲಿಬಾಲ್ ತಂಡದಲ್ಲಿ ಎಲ್ಲರೂ ಮೊಳೆ ಎಂದು ಕರೆಯುವವನು, ಎರಡನೆಯವನಿಗೆ ಕೊಡುತ್ತೇನೆಂದು ಬೆನ್ನ ಹಿಂದೆ ಎರಡು ಬೆರಳು ತೋರಿಸಿ, ಚೆಂಡನ್ನು ಮೂರನೆಯವನ ಕಡೆಗೆ ಎತ್ತಿಕೊಟ್ಟ. ಬೆರಳನ್ನು ನಂಬಿ ಹಾರಿದ್ದ ಅವನ ಭಾವ ಖಾಲಿ ಗಾಳಿಗೆ ಹೊಡೆದು, ಬಲೆಗೆ ಸಿಕ್ಕಿ, ಅಂಗಾತ ಬಿದ್ದ. ಚೆಂಡು ಯಾರಿಗೂ ಬೇಡವಾಗಿ ನೆಲಕ್ಕುರುಳಿತು.

"ಅಕ್ಕನ ಮೇಲಿನ ಸಿಟ್ಟು ನನ್ನ ಮೇಲೆ ತೀರಿಸ್ಕೊಳ್ತಿದ್ದೀಯೇನೋ?" ಎಂದು ಭಾವ ಮೊಣಕೈ ಉಜ್ಜಿಕೊಂಡ.

ಯಾರೂ ನಗಲಿಲ್ಲ. ಅದು ಅವತ್ತಿನ ನಾಲ್ಕನೇ ತಪ್ಪು.

"ಹತ್ತು ಸುತ್ತು!" ಕೋಚ್ ಕೂಗಿದರು. "ಎಲ್ರೂ!"

ಒಬ್ಬ ತಪ್ಪಿದರೆ ಎಲ್ಲರೂ ಓಡಬೇಕು, ಅದು ಅಲ್ಲಿಯ ಕಾನೂನು. ಓಡಿದರೆ ಸುಸ್ತು, ಸುಸ್ತಾದರೆ ತಪ್ಪು, ತಪ್ಪಿದರೆ ಮತ್ತೆ ಓಟ. ಯಾವ ಮಹಾನುಭಾವ ಕಂಡುಹಿಡಿದ ಮದ್ದೋ! ಬೆಳಿಗ್ಗೆ ಐದಕ್ಕೆ ಬಸ್ ಡಿಪೋ ಸೇರಿ, ಮಧ್ಯಾಹ್ನ ಒಂದರವರೆಗೆ ಚಕ್ರ ಬಿಚ್ಚಿ, ಕೈಯ ಗ್ರೀಸ್ ಪೂರ್ತಿ ಹೋಗುವ ಮೊದಲೇ ಇಲ್ಲಿ ಬಂದು ಬಲೆ ಕಟ್ಟುವ ಜನ ಇವರು. ಮೂರು ವಾರದಿಂದ ಒಂದು ದಿನದ ಬಿಡುವಿಲ್ಲ. ನಾಳೆ ಫೈನಲ್. ದೊಡ್ಡ ತಂಡಕ್ಕೆ ಆಟಗಾರರನ್ನು ಆರಿಸುವವರು ನೋಡಲು ಬರುತ್ತಾರೆ. ಎಂಟು ವರ್ಷ ಬೇರೆಯವರು ಹೊಡೆಯಲೆಂದು ಚೆಂಡು ಎತ್ತಿಕೊಟ್ಟ ಮೊಳೆಗೆ ಇದೊಂದೇ ಅವಕಾಶ. ಸುಸ್ತು ಎಂದವನನ್ನು ಕೋಚ್ ಬೆಂಚಿಗೆ ಅಟ್ಟುತ್ತಾರೆ. ಹಾಗಾಗಿ ಯಾರೂ ಬಾಯಿ ಬಿಡುತ್ತಿರಲಿಲ್ಲ.

ಉಳಿದವರು ಓಡತೊಡಗಿದರು. ಮೊಳೆ ನಿಂತಲ್ಲೇ ಕುಸಿದು ಕುಳಿತ.

"ಏನು, ಕಾಲು ನೋವಾ?"

"ಕಾಲು ಸರಿಯಿದೆ ಸರ್, ನೂರು ಸುತ್ತು ಬೇಕಾದ್ರೂ ಓಡ್ತೀನಿ. ಬೆರಳು ತೋರಿಸ್ತೀನಲ್ಲ, ಚೆಂಡು ಕೈಗೆ ಬರೋಷ್ಟರಲ್ಲಿ ಏನು ತೋರಿಸ್ದೆ ಅನ್ನೋದೇ ಮರ್ತೋಗುತ್ತೆ. ಬೆಳಿಗ್ಗೆ ಒಂದು ಚಕ್ರಕ್ಕೆ ನಟ್ಟು ಬಿಗಿ ಮಾಡಿದ್ನೋ ಇಲ್ವೋ ಅಂತ ಮೂರು ಸಲ ಹೋಗಿ ನೋಡ್ದೆ."

"ಹಾಗಾದ್ರೆ ನಾಳೆ ಬೆಂಚ್ ಕಾಯಿ."

"ಆಗ್ಲಿ ಸರ್. ಭಾವನ ಕಾಲು ಮುರಿಯೋದಕ್ಕಿಂತ ವಾಸಿ."

ಭಾವ ಓಟ ಬಿಟ್ಟು, ಏದುಸಿರು ಬಿಡುತ್ತ ಬಂದು ಪಕ್ಕದಲ್ಲಿ ಕುಳಿತ.

"ಸರ್, ನೀವೂ ಮೂವತ್ತು ವರ್ಷ ಬಸ್ ಓಡಿಸಿದವರು. ಇಂಜಿನ್ ಕಾದು ಹೊಗೆ ಬಂದ್ರೆ ಇನ್ನೂ ಹತ್ತು ಸುತ್ತು ಹೊಡೆಸ್ತಿದ್ರಾ?"

"ಬಾಯಿ ಮುಚ್ಚೋ."

"ಮುಚ್ತೀನಿ. ನೀವು ಹೇಳಿ."

ಕೋಚ್ ಉಳಿದವರ ಕಡೆ ತಿರುಗಿದರು. ಓಡುತ್ತಿದ್ದವರೂ ನಿಂತಿದ್ದರು. ಒಬ್ಬ ಬಲೆಯ ಕಂಬ ತಬ್ಬಿಕೊಂಡಿದ್ದ. ಇನ್ನೊಬ್ಬ ನಿಂತೇ ಕಣ್ಣು ಮುಚ್ಚಿದ್ದ. ಕೋಚ್ ಒಂದೊಂದೇ ಮುಖವನ್ನು ನೋಡುತ್ತ ಬಂದರು.

"ರಾತ್ರಿ ಎಷ್ಟು ಹೊತ್ತು ಮಲಗ್ತೀರೋ?"

"ನಾಲ್ಕು ಗಂಟೆ."

"ಐದು."

"ನಮ್ಮನೇಲಿ ಮಗು ಹುಟ್ಟಿದೆ ಸರ್," ಎಂದ ಕಂಬ ತಬ್ಬಿದವನು. ಈ ಸಲ ಎಲ್ಲರೂ ನಕ್ಕರು.

"ನಮ್ಮ ಕಾಲದಲ್ಲಿ..." ಎಂದು ಶುರು ಮಾಡಿದ ಕೋಚ್ ಅಲ್ಲಿಗೇ ಬಿಟ್ಟು ಕೆನ್ನೆ ಕೆರೆದುಕೊಂಡರು. "ಮೂಲೆಯಲ್ಲಿರೋ ಹಾಸು ಎಳ್ಕೊಂಡು ಬನ್ನಿ. ಮಲಗಿ."

"ಇಲ್ಲೇನಾ ಸರ್?"

"ಮನೆಗೆ ಕಳಿಸಿದ್ರೆ ಮೊಬೈಲ್ ಹಿಡ್ಕೊಂಡು ಕೂರ್ತೀರ. ಇಲ್ಲೇ." ಆಮೇಲೆ ಮೊಳೆಯ ಕಡೆ ತಿರುಗದೆಯೇ ಗೊಣಗಿದರು: "ಬೆಂಚ್ ಮಾತು ಬಿಟ್ಹಾಕು. ನಾಳೆ ನೀನೇ ಎತ್ತಿಕೊಡು."

ಅರ್ಧ ಗಂಟೆಯಲ್ಲಿ ಆ ದೊಡ್ಡ ಹಾಲ್ ತುಂಬ ಉಸಿರಾಟದ ಸದ್ದೊಂದೇ ಉಳಿಯಿತು. ಭಾವ ಮೊಳೆಯ ಹೊಟ್ಟೆಯ ಮೇಲೆ ಕಾಲು ಹಾಕಿ ಗೊರಕೆ ಹೊಡೆಯುತ್ತಿದ್ದ. ಮೊಳೆಗೆ ಅದರ ಪರಿವೆಯೇ ಇರಲಿಲ್ಲ. ಕೋಚ್ ಶೂ ಕಳಚಿಟ್ಟು, ತುದಿಗಾಲಲ್ಲಿ ನಡೆಯುತ್ತ, ಚೆಲ್ಲಾಡಿದ್ದ ಚೆಂಡುಗಳನ್ನು ಎದೆಗವಚಿಕೊಂಡು ಆಯತೊಡಗಿದರು. ಒಂದು ಜಾರಿತು. ನೆಲ ಮುಟ್ಟುವ ಮೊದಲೇ ಬಗ್ಗಿ ಹಿಡಿದರು, ಮಂಡಿ ಲಟಕ್ಕೆಂದಿತು. ಬಗ್ಗಿದವರು ಹಾಗೆಯೇ ನಿಂತು, ಯಾರಾದರೂ ಎದ್ದರೇನೋ ಎಂದು ನೋಡಿದರು.