ಕಾಶೆವ್ವ ಹೆಬ್ಬೆಟ್ಟು ಒತ್ತಲಿಲ್ಲ

ಗುಡ್ಡದ ಕಲ್ಲುಗಣಿಯಲ್ಲಿ ಮದ್ದು ಸಿಡಿದಾಗ ಹಾರಿಬಂದ ಕಲ್ಲು ಅಪ್ಪಣ್ಣನ ಬಲಗಾಲನ್ನು ಜಜ್ಜಿಹಾಕಿ ಹದಿನಾಲ್ಕು ದಿನವಾಗಿತ್ತು. ಮದ್ದು ಸಿಡಿಸುವ ಮೊದಲು ಸೀಟಿ ಊದಬೇಕು. ಅವತ್ತು ಯಾರೂ ಊದಿರಲಿಲ್ಲ. ಅಪ್ಪಣ್ಣನ ತಲೆಗೆ ಹೆಲ್ಮೆಟ್ ಇರಲಿಲ್ಲ, ಕಾಲಲ್ಲಿ ಹವಾಯಿ ಚಪ್ಪಲಿ ಇತ್ತು. ಗೋಕಾಕದ ದವಾಖಾನೆಯಲ್ಲಿ ಕಾಲಿಗೆ ರಾಡು ಹಾಕಿಸಿಕೊಂಡು ಬಂದವನು ಈಗ ಮಮದಾಪುರದ ತನ್ನ ಮನೆಯಲ್ಲಿ ಹೊರಸಿನ ಮೇಲೆ ಮಲಗಿದ್ದ.

ಅವನ ಹೆಂಡತಿ ಕಾಶೆವ್ವ ಅದೇ ಗಣಿಯಲ್ಲಿ ಕಲ್ಲು ಕುಟ್ಟಿ ಖಡಿ, ಅಂದರೆ ಜಲ್ಲಿ, ಮಾಡುವವಳು. ಗಣಿಗೆ ರಜೆಯಿದ್ದ ದಿನ ಅವಳು ರೊಟ್ಟಿ ಬಡಿಯುತ್ತಿದ್ದಾಗ ಗಣಿಯ ಮುಕಾದಮ ಲಖನ ಬಾಗಿಲಿಗೆ ಬಂದ. ದಿನಾ ಬೆಳಿಗ್ಗೆ ಟೆಂಪೋದಲ್ಲಿ ಕೂಲಿಕಾರರನ್ನು ಗುಡ್ಡಕ್ಕೆ ಒಯ್ಯುವವನು ಇವನೇ. ಒಂದು ಕೈಯಲ್ಲಿ ಬಾಳೆಹಣ್ಣು, ಇನ್ನೊಂದರಲ್ಲಿ ಒಂದು ಕಾಗದ ಮತ್ತು ಇಂಕಿನ ಡಬ್ಬಿ.

"ಮಾಲಕರು ನಿನ್ನ ಸಲುವಾಗಿ ಭಾಳ ಮರಗಾಕತ್ತಾರ ಅಪ್ಪಣ್ಣ," ಎಂದ ಲಖನ. "ಇದಕ್ಕೊಂದು ಇಬ್ರೂ ಹೆಬ್ಬೆಟ್ಟು ಒತ್ರಿ. ಆಮ್ಯಾಲ ಅವರ ಕೈಲೆ ಏನಾಕ್ಕೈತೋ ನೋಡೂಣು."

"ಏನ್ ಬರದೈತಿ ಇದರಾಗ?" ಎಂದಳು ಕಾಶೆವ್ವ.

"ಏನಿಲ್ಲವಾ, ಕಚೇರಿದು. ಸುಮ್ಮ ಒತ್ತು."

ಕಾಶೆವ್ವ ಹಿಟ್ಟಿನ ಕೈ ಒರೆಸಿಕೊಂಡು ಕಾಗದ ತೆಗೆದುಕೊಂಡಳು. ಮಹಿಳಾ ಸಂಘದಲ್ಲಿ ಕಲಿತ ಅಕ್ಷರ. ಬೆರಳಿಟ್ಟು ನಿಧಾನಕ್ಕೆ ಓದಿದಳು. "ಮನೆಯ ಮಾಳಿಗೆಯಿಂದ ಜಾರಿ ಬಿದ್ದು ಕಾಲು ಮುರಿದಿರುತ್ತದೆ" ಎಂದಿತ್ತು. ಇನ್ನೊಂದು ಸಲ ಓದಿದಳು. ಹಾಗೆಯೇ ಇತ್ತು.

"ಲಖನಣ್ಣಾ, ನಮ್ಮ ಮನಿಗೆ ತಗಡ ಹೊದಿಸೇವಿ. ಮಾಳಿಗಿ ಎಲ್ಲೈತಿ? ತೋರಸು ಬಾ, ನಾನೂ ಒಂದ ಸಲ ಹತ್ತಿ ನೋಡ್ತೇನಿ."

ಲಖನನ ಮುಖ ಬಿಗಿಯಿತು. "ನಾಳೆ ಟೆಂಪೋ ಬಿಡೋದ್ರಾಗ ಈ ಕಾಗದ ನನ್ನ ಕೈಯಾಗ ಇರಬೇಕು. ಇಲ್ಲಂದ್ರ ಈ ಮನಿಯವರಿಗೆ ಖಣ್ಯಾಗ ಕೆಲಸ ಇಲ್ಲ," ಎಂದವನೇ ಕಾಗದ ಅಲ್ಲೇ ಬಿಟ್ಟು ಹೊರಟ.

ಅವನು ಮರೆಯಾಗುತ್ತಲೇ ಅಪ್ಪಣ್ಣ ಬಾಯಿಬಿಟ್ಟ. "ಒತ್ತಿಬಿಡು. ಮಾಲಕರ ಕೂಡ ನಮಗ್ಯಾಕ ಜಿದ್ದು? ನನ್ನ ಕಾಲಂತೂ ಹೋತು. ನೀನೂ ಮನ್ಯಾಗ ಕುಂತ್ರ ಒಲಿ ಹತ್ತೂದ ಹೆಂಗ?"

ಕಾಶೆವ್ವನಿಗೆ ಗಂಡ ಹೇಳುವುದು ತಪ್ಪು ಎನ್ನಲು ಬಾಯಿ ಬರಲಿಲ್ಲ. ಆದರೆ ಆ ಸುಳ್ಳಿಗೆ ಹೆಬ್ಬೆಟ್ಟು ಒತ್ತಲು ಮನಸ್ಸು ಒಪ್ಪಲಿಲ್ಲ. ಕಾಗದ ಹಿಡಿದುಕೊಂಡು ಬಾಜೂ ಮನೆಯ ಸುಂದ್ರವ್ವನನ್ನು ಕರೆತಂದಳು. ಸುಂದ್ರವ್ವನಿಗೆ ಅರವತ್ತು ದಾಟಿದೆ. ಇಂದಿಗೂ ಅದೇ ಗಣಿಯಲ್ಲಿ ಖಡಿ ಒಡೆಯುತ್ತಾಳೆ.

ಕಾಗದದಲ್ಲಿ ಇರುವುದನ್ನು ಕೇಳಿ ಸುಂದ್ರವ್ವ ಹೊರಸಿನ ಬಾಜೂಕ್ಕೆ ಕುಳಿತಳು. "ಇಂಥ ಸುಳ್ಳು ನಾ ಸಣ್ಣಾಕಿದ್ದಾಗ ನೋಡೇನಿ ಅಪ್ಪಣ್ಣ. ನಾ ಬೆಳದಿದ್ದು ಇಲ್ಲಿ ಅಲ್ಲ. ನಮ್ಮಪ್ಪ ರಾಯಪ್ಪ ಹುಕ್ಕೇರಿ ಕಡೆಯಾಂವ. ಹರೇದಾಗ ಸಾತ್ಪುಡಾ ಗುಡ್ಡಕ್ಕ, ಕಲ್ಲಿದ್ದಲಿ ಖಣಿಗೆ ದುಡಿಯಾಕ ಹೋಗಿದ್ದ. ಗುಡ್ಡದ ಹೊಟ್ಟಿಯೊಳಗ ಇಳದು ಇದ್ದಲಿ ಕಡೀಬೇಕು. ಮ್ಯಾಲಿನ ಬಂಡೆಗಲ್ಲು ಕುಸೀಬಾರದಂತ ಕಟಗಿ ಕಂಬ ಕೊಡಬೇಕು. ಅದು ಖಾಸಗಿ ಮಾಲಕರ ಖಣಿ. ಕಟಗಿ ಖರ್ಚು ಉಳಸಾಕ ಕಂಬ ಕಮ್ಮಿ ಮಾಡಿದ್ರು. ನನಗ ಹನ್ನೊಂದು ವರ್ಷ ಇದ್ದಾಗ ಬಂಡೆಗಲ್ಲು ಕುಸೀತು. ನಾಕು ಮಂದಿ ಒಳಗ ಸತ್ರು."

"ಮಾಲಕರು ಏನಂದ್ರು ಯಕ್ಕಾ?" ಎಂದಳು ಕಾಶೆವ್ವ.

"'ಅವ್ರು ಅವತ್ತು ಕೆಲಸಕ್ಕ ಬಂದ ಇಲ್ಲ' ಅಂದ್ರು. ಹಾಜರಿ ಪುಸ್ತಕದಾಗ ಅವರ ಹೆಸರ ಇದ್ದಿದ್ದಿಲ್ಲ."

ಕಾಶೆವ್ವ ಕೈಯಲ್ಲಿದ್ದ ಕಾಗದವನ್ನು ಮತ್ತೆ ನೋಡಿದಳು.

"ಮರುದಿನ ಒಬ್ಬಾಂವನೂ ಖಣಿ ಇಳೀಲಿಲ್ಲ," ಎಂದಳು ಸುಂದ್ರವ್ವ. "ಹೆಂಗಸ್ರು ಹೋಗಿ ಖಣಿ ಬಾಯಾಗ ಕುಂತ್ರು. ನಮ್ಮವ್ವನ ಬಾಜೂಕ ನಾನೂ ಕುಂತಿದ್ನಿ. ಮಾಲಕರ ಗೂಂಡಾಗೋಳು ಬಡಿಗಿ ತಗೊಂಡು ಬಂದ್ರು. ನಮ್ಮವ್ವನ ಮುಂಗೈ ಮುರೀತು. ಆಕಿ ಏಳಲಿಲ್ಲ. ಇಪ್ಪತ್ತೊಂದು ದಿನ ಒಂದ ಬುಟ್ಟಿ ಇದ್ದಲಿ ಹೊರಗ ಬರಲಿಲ್ಲ. ಕಡೀಕ ಮಾಲಕರ ಬಗ್ಗಿದ್ರು. ಕಂಬ ಬಂದ್ವು. ದಿನಾ ಇಳಿಯಾವರ ಹೆಸರು ಪುಸ್ತಕದಾಗ ಬಂದ್ವು. ಸತ್ತವರ ಮನಿಗೆ ಪರಿಹಾರ ಬಂತು."

"ನಿಮ್ಮಪ್ಪನ ಕೆಲಸ?" ಅಪ್ಪಣ್ಣ ಕೇಳಿದ.

"ಹೋತು. ಮುಂದ ನಿಂತಾವರನ್ನ ತಗದ್ರು. ಅದಕ್ಕ ನಾವು ಗಂಟುಮೂಟಿ ಕಟಗೊಂಡು ಈ ಕಡೆ ಬಂದ್ವಿ."

"ಮತ್ತೇನ ಗೆದ್ರಿ ಹಂಗಾದ್ರ?"

"ಏಳು ವರ್ಷ ಆದ ಮ್ಯಾಲ ನಮ್ಮಣ್ಣ ಅದ ಖಣಿಗೆ ಕೆಲಸಕ್ಕ ಹೋದ. ಅಷ್ಟೊತ್ತಿಗೆ ಖಣಿ ಸರ್ಕಾರದ್ದಾಗಿತ್ತು. ಮೂವತ್ತು ವರ್ಷ ಇಳದ, ಮೂವತ್ತು ವರ್ಷ ಏರಿ ಮನಿಗೆ ಬಂದ. ಅಂವ ದಿನಾ ಮನಿಗೆ ಬರೂದ ನಾವು ಗೆದ್ದದ್ದು, ಅಪ್ಪಣ್ಣ. ಯಾರೂ ಕರುಣೆಲೆ ಕೊಟ್ಟಿದ್ದಲ್ಲ ಅದು."

ಅಪ್ಪಣ್ಣ ಮುಖ ಗೋಡೆಗೆ ತಿರುಗಿಸಿದ. ಕಾಶೆವ್ವ ಕಾಗದವನ್ನು ಮಡಚಿ ಕುಪ್ಪಸದಲ್ಲಿಟ್ಟುಕೊಂಡು, ಸುಂದ್ರವ್ವನೊಂದಿಗೆ ಮಧ್ಯಾಹ್ನದ ಬಸ್ಸಿಗೇ ಗೋಕಾಕಕ್ಕೆ ಹೋದಳು. ಅಲ್ಲಿ ಕೋರ್ಟಿನ ಆವರಣದಲ್ಲಿ ಉಚಿತ ಕಾನೂನು ನೆರವು ಕೊಡುವ ವಕೀಲೆ ಪದ್ಮಶ್ರೀ ಕಾಗದ ಓದಿ ತಲೆಯಾಡಿಸಿದರು.

"ಛಲೋ ಮಾಡಿದ್ರಿ, ಒತ್ತಲಿಲ್ಲ," ಎಂದರು. "ಕೆಲಸದಾಗ ಪೆಟ್ಟಾದ್ರ ಪರಿಹಾರ ಮಾಲಕರ ಕೊಡಬೇಕ್ರಿ. 'ನನಗ ಪರಿಹಾರ ಬ್ಯಾಡ' ಅಂತ ಬರಿಸ್ಕೊಂಡ್ರೂ ಅದು ಕಾನೂನಿನ್ಯಾಗ ನಡಿಯಂಗಿಲ್ಲ. ಆದ್ರ 'ಮನ್ಯಾಗ ಬಿದ್ದೆ' ಅಂತ ನೀವ ಒಪಗೊಂಡ್ರ, ಖರೆ ಸಾಬೀತು ಮಾಡಾಕ ವರ್ಷಗಟ್ಲೆ ತಿರಗಬೇಕು. ಕಲ್ಲು ಬಿದ್ದದ್ದನ್ನ ಯಾರ ನೋಡ್ಯಾರ?"

"ನಾನ ನೋಡೇನಿ," ಎಂದಳು ಸುಂದ್ರವ್ವ. "ಬರಕೋರಿ ನನ್ನ ಹೆಸರು."

ಪದ್ಮಶ್ರೀ ಅರ್ಜಿ ಬರೆದರು. ದಿನ, ಹೊತ್ತು, ಜಾಗ, ನೋಡಿದವರ ಹೆಸರು, ದವಾಖಾನೆಯ ಚೀಟಿ ಎಲ್ಲವನ್ನೂ ಸೇರಿಸಿದರು. ಅರ್ಜಿಯ ಕೆಳಗೆ ಗಂಡನ ಪರವಾಗಿ ಕಾಶೆವ್ವ ಸಹಿ ಮಾಡಿದಳು. ಒಂದಕ್ಷರವೂ ತಪ್ಪಲಿಲ್ಲ. ಅರ್ಜಿಯನ್ನು ಕಾರ್ಮಿಕ ಇಲಾಖೆಗೆ ಕೊಟ್ಟು, ತಲುಪಿದ್ದಕ್ಕೆ ಮೊಹರು ಹಾಕಿಸಿದ ಪ್ರತಿಯನ್ನು ತನ್ನ ಬಳಿ ಇಟ್ಟುಕೊಂಡಳು.

ಮರುದಿನ ಬೆಳಿಗ್ಗೆ ಟೆಂಪೋ ತುಂಬಾ ಜನ. ಕಾಶೆವ್ವನೂ ಬುತ್ತಿ ಹಿಡಿದು ಹತ್ತಿ ಕುಳಿತಿದ್ದಳು.

"ಕಾಗದ?" ಎಂದ ಲಖನ.

"ಒತ್ತೂದಿಲ್ಲ. ಖಣ್ಯಾಗ ಕಾಲು ಮುರದೈತಿ, ಖಣ್ಯಾಗ ಅಂತ ಬರೀರಿ."

"ಹಂಗಾದ್ರ ಇಳಿ ಕೆಳಗ."

ಕಾಶೆವ್ವ ಇಳಿದಳು. ಇಡೀ ಓಣಿ ನೋಡುತ್ತಿತ್ತು. ಅಷ್ಟರಲ್ಲಿ ಸುಂದ್ರವ್ವ ಬುತ್ತಿ ಎತ್ತಿಕೊಂಡು, ಮೊಣಕಾಲು ಹಿಡಿದುಕೊಳ್ಳುತ್ತಾ ಮೆಲ್ಲಗೆ ಇಳಿದಳು.

"ನಿನಗ್ಯಾರು ಇಳಿ ಅಂದ್ರಬೇ ಮುದಕಿ?" ಲಖನ ಗದರಿದ.

"ಸೀಟಿ ಊದೂದಿಲ್ಲ, ಹೆಲ್ಮೆಟ್ ಕೊಡೂದಿಲ್ಲ. ನಾಳೆ ನನ್ನ ತಲಿ ಒಡದ್ರ ನನ್ನೂ ಮಾಳಿಗಿಂದ ಬೀಳಸ್ತೀರಿ. ನಾ ಬರೂದಿಲ್ಲ."

ಯಾರೋ ನಕ್ಕರು. ಆಮೇಲೆ ಕಲ್ಲಿಗೆ ರಂಧ್ರ ಕೊರೆಯುವ ಮಲ್ಲೇಶ ಇಳಿದ. ಖಡಿ ಒಡೆಯುವ ಭಾಗ್ಯಾ ಇಳಿದಳು. ಒಬ್ಬೊಬ್ಬರೇ ಇಳಿಯತೊಡಗಿದರು. ಮೂವರು ತಲೆ ತಗ್ಗಿಸಿ ಕುಳಿತೇ ಇದ್ದರು. ಕಾಶೆವ್ವ ಅವರಿಗೆ ಏನೂ ಅನ್ನಲಿಲ್ಲ. ಅವರ ಮನೆಯ ಒಲೆಯೂ ಅವಳಿಗೆ ಗೊತ್ತಿತ್ತು. ಟೆಂಪೋ ಮೂರು ಜನರನ್ನು ಹೊತ್ತು ಗುಡ್ಡ ಹತ್ತಿತು. ಕೊರೆಯುವವರೇ ಇಲ್ಲದ ಮೇಲೆ ಆ ಮೂವರು ಮಾಡುವುದೇನು? ಮಧ್ಯಾಹ್ನಕ್ಕೆ ಅವರೂ ನಡೆದುಕೊಂಡು ವಾಪಸ್ ಬಂದರು.

ಮೊದಲ ಎರಡು ದಿನ ಹುರುಪಿತ್ತು. ಮೂರನೇ ದಿನ ಗೊಣಗಾಟ ಶುರುವಾಯಿತು. ನಾಲ್ಕನೇ ದಿನ ಕಾಶೆವ್ವನ ಮನೆಯಲ್ಲಿ ಹಿಟ್ಟು ಮುಗಿಯಿತು. ಭಾಗ್ಯಾ ಸೆರಗಿನಲ್ಲಿ ಜೋಳ ತಂದು ಸುರಿದು ಹೋದಳು. ಐದನೇ ದಿನ, ಇಲಾಖೆಯ ನೋಟಿಸು ಕೈಸೇರಿದ ಮೇಲೆ, ಮಾಲಕರೇ ಕಾರಿನಲ್ಲಿ ಬಂದರು.

"ಮೊದಲ ಕೆಲಸಕ್ಕ ಬರ್ರಿ. ಆಮ್ಯಾಲ ಮಾತಾಡೂಣು," ಎಂದರು.

"ಮೊದಲ ಬರೀರಿ ಸಾಹೇಬ್ರ," ಎಂದಳು ಕಾಶೆವ್ವ. "ಆಮ್ಯಾಲ ಬರ್ತೇವಿ."

ಅವಳ ಹಿಂದೆ ಇಡೀ ಟೆಂಪೋದ ಜನ ನಿಂತಿದ್ದರು. ಮಾಲಕರು ಅಪಘಾತದ ಪುಸ್ತಕ ತರಿಸಿ, ಅಪ್ಪಣ್ಣನ ಕಾಲು ಗಣಿಯಲ್ಲೇ ಮುರಿದದ್ದು ಎಂದು ಬರೆದರು. ಕಾಶೆವ್ವ ಬೆರಳಿಟ್ಟು ಓದುವವರೆಗೂ ಯಾರೂ ಅಲ್ಲಿಂದ ಕದಲಲಿಲ್ಲ.

ಈಗ ಗಣಿಯಲ್ಲಿ ಮೂರು ಸಲ ಸೀಟಿ ಊದದೆ ಮದ್ದು ಸಿಡಿಯುವುದಿಲ್ಲ. ಹೆಲ್ಮೆಟ್ ಬಂದಿವೆ. ಎಲ್ಲರ ಹೆಸರೂ ಹಾಜರಿ ಪುಸ್ತಕದಲ್ಲಿದೆ. ಅಪ್ಪಣ್ಣನ ಪರಿಹಾರದ ಪ್ರಕರಣ ನಡೆಯುತ್ತಿದೆ. ಅವನ ಕಾಲು ಮೊದಲಿನಂತೆ ಆಗುವುದಿಲ್ಲ ಎಂದು ಡಾಕ್ಟರು ಹೇಳಿದ್ದಾರೆ. ಆದರೆ ಕಾರ್ಮಿಕರ ಸಂಘ ಕಟ್ಟಲು ಸುಂದ್ರವ್ವನ ಕಟ್ಟೆಯಲ್ಲಿ ಜನ ಸೇರಿದ ದಿನ, ಅವನು ಕೋಲೂರಿಕೊಂಡು ಎಲ್ಲರಿಗಿಂತ ಮೊದಲೇ ಬಂದು ಕುಳಿತಿದ್ದ.

"ನನ್ನ ಹೆಸರು ಮೊದಲ ಬರೀರಿ," ಎಂದ. "ಒತ್ತಿಬಿಡು ಅಂದಾಂವ ನಾನ."

ಅಕ್ಕಂದಿರೇ, ಅಣ್ಣಂದಿರೇ, ನೀವು ಕಲ್ಲು ಒಡೆಯುವವರಿರಬಹುದು, ಕಬ್ಬು ಕಡಿಯುವವರಿರಬಹುದು, ಮೂಡಲಗಿಯ ಪೇಟೆಯಲ್ಲಿ ಮೂಟೆ ಹೊರುವವರಿರಬಹುದು. ಕೆಲಸದಲ್ಲಿ ಪೆಟ್ಟಾದರೆ ಮುಚ್ಚಿಡಬೇಡಿ. ಓದದ, ಓದಿಸಿ ಕೇಳದ ಯಾವ ಕಾಗದಕ್ಕೂ ಹೆಬ್ಬೆಟ್ಟು ಕೊಡಬೇಡಿ. ತಾಲ್ಲೂಕು ಕೋರ್ಟಿನಲ್ಲಿ ಉಚಿತ ಕಾನೂನು ನೆರವು ಇದೆ, ಹೋಗಿ ಕೇಳಿ. ಒಬ್ಬರೇ ಹೋಗಬೇಡಿ, ಜೊತೆಗೆ ಕರೆದುಕೊಂಡು ಹೋಗಿ. ನಿಮ್ಮ ಪಕ್ಕದವರನ್ನು ಟೆಂಪೋದಿಂದ ಇಳಿಸಿದ ದಿನ, ದಯವಿಟ್ಟು ನೀವೂ ಇಳಿಯಿರಿ.