ಪಕ್ಕದ ಮನೆಯ ಹುಲ್ಲು

ಗೇಟಿನಿಂದ ಮೆಟ್ಟಿಲಿನವರೆಗೆ ಕುಯ್ದು ಮುಗಿಸಿ ಸೊಂಟ ನೆಟ್ಟಗೆ ಮಾಡಿದಾಗ ಸೆಲೂನಿನವನಿಗೆ ಬೆನ್ನು ಮುರಿದಂತಾಗಿತ್ತು. ಮನಸ್ಸು ಮಾತ್ರ ಹಗುರವಾಗಿತ್ತು. ಎರಡು ವರ್ಷದಿಂದ ಎದೆಮಟ್ಟ ಬೆಳೆದಿದ್ದ ಹುಲ್ಲು ಈಗ ಕಾಂಪೌಂಡಿನ ಮೂಲೆಯಲ್ಲಿ ರಾಶಿ ಬಿದ್ದಿತ್ತು. ವಾರಕ್ಕೊಂದೇ ರಜೆ, ಅದನ್ನೂ ಪಕ್ಕದ ಮನೆಯ ಅಂಗಳಕ್ಕೆ ಧಾರೆ ಎರೆದಿದ್ದ. ಆದರೂ ಕೈ ಸುಮ್ಮನಿರಲಿಲ್ಲ. ಕೂದಲು ಕತ್ತರಿಸಿ ಮುಗಿದ ಮೇಲೂ ಕಿವಿಯ ಹಿಂದೆ ಒಮ್ಮೆ ಕತ್ತರಿ ಆಡಿಸುವ ಅಭ್ಯಾಸ. ಹಾಗೆಯೇ ಗೇಟಿನ ಬುಡದಲ್ಲಿ ಉಳಿದಿದ್ದ ನಾಲ್ಕು ಎಳೆಗಳನ್ನೂ ಕುಕ್ಕುರುಗಾಲಲ್ಲಿ ಕೂತು ಕುಡುಗೋಲಿನಿಂದ ಸವರಿದ.

ವರಾಂಡದ ಕುರ್ಚಿಯಿಂದ ಪೋಸ್ಟಜ್ಜ ಎಲ್ಲವನ್ನೂ ನೋಡುತ್ತಿದ್ದ. ಮೂವತ್ತೈದು ವರ್ಷ ಮನೆಮನೆಗೆ ಕಾಗದ ಹಂಚಿದ ಮನುಷ್ಯ. ಈಗ ಸ್ವಂತ ಮಗಳ ಹೆಸರೂ ಒಮ್ಮೊಮ್ಮೆ ನೆನಪಾಗುತ್ತಿರಲಿಲ್ಲ.

"ದಾರಿ ಆಯ್ತೇನಪ್ಪಾ?"

"ರಾಜರಸ್ತೆ ಆಯ್ತು ಅಜ್ಜ! ಇನ್ನು ನೀವು ಮೆರವಣಿಗೇಲೇ ಹೋಗ್ಬಹುದು."

"ಭೇಷ್," ಎಂದ ಅಜ್ಜ, ಕುರ್ಚಿಯ ಕೆಳಗೆ ಚಪ್ಪಲಿಗಾಗಿ ಕಾಲಾಡಿಸುತ್ತ.

ಈ ಕೆಲಸಕ್ಕೆ ಚಿತಾವಣೆ ಸೆಲೂನಿನವನ ಹೆಂಡತಿಯದು. ಸೊಳ್ಳೆ ಅವಳ ಮನೆಗೇ ಬರುತ್ತಿತ್ತು, ಇಲಿ ಅವಳ ಅಡುಗೆಮನೆಗೇ ನುಗ್ಗುತ್ತಿತ್ತು, ಆ ಹುಲ್ಲಿನ ಬೀಜ ಅವಳು ಒಣಹಾಕಿದ ಬಟ್ಟೆಗೇ ಅಂಟುತ್ತಿತ್ತು. "ಊರವರ ತಲೆಯೆಲ್ಲ ನೀಟು ಮಾಡ್ತೀರಿ, ಮನೆ ಮಗ್ಗುಲಲ್ಲೇ ಕಾಡು!" ಎಂದು ದಿನಕ್ಕೊಂದು ಸಲ ಚುಚ್ಚುತ್ತಿದ್ದಳು. ಅಜ್ಜನ ಮಗಳು ಆಸ್ಪತ್ರೆಯಲ್ಲಿ ನರ್ಸು. ಸೆಲೂನಿನವನು ಅವಳಿಗೂ ಎರಡು ಸಲ ಹೇಳಿ ನೋಡಿದ್ದ. "ಇರ್ಲಿ ಬಿಡಿ ಅಣ್ಣ, ನೋಡೋಣ," ಎಂದು ನರ್ಸಮ್ಮ ಹುಲ್ಲು ಸರಿಸುತ್ತ ಗೋಡೆ ಬದಿಯ ಇಟ್ಟಿಗೆ ಸಾಲಿನ ಮೇಲೆ ಹೆಜ್ಜೆಯಿಡುತ್ತ ಒಳಗೆ ಹೋಗಿಬಿಟ್ಟಿದ್ದಳು. ಒಂಟಿ ಹೆಂಗಸು, ಪುರುಸೊತ್ತಿಲ್ಲ, ಬಾಯಿಬಿಟ್ಟು ಕೇಳಲು ಸಂಕೋಚ ಎಂದು ಇವನೇ ಅರ್ಥ ಮಾಡಿಕೊಂಡ. ಉಪಕಾರ ಮಾಡಲು ಯಾರ ಅಪ್ಪಣೆ ಬೇಕು?

ಸ್ನಾನ ಮಾಡಿ, ಉಂಡು, ಒಂದು ನಿದ್ದೆ ತೆಗೆದು ಹೊರಗೆ ಬಂದಾಗ ಐದು ಗಂಟೆ ದಾಟಿತ್ತು. ನರ್ಸಮ್ಮ ಗೇಟಿನಲ್ಲಿ ನಿಂತಿದ್ದಳು. ಹೊಗಳಿಕೆಗೆ ಸಿದ್ಧನಾಗಿ ಅವನು ಹತ್ತಿರ ಹೋದ.

"ಯಾರು ಕುಯ್ದಿದ್ದು?"

"ನಾನೇ ಕಣಮ್ಮ. ಕೂಲಿ ಏನೂ ಬೇಡ, ಒಂದು ಲೋಟ ಟೀ ಕೊಟ್ರೆ ಸಾಕು."

ಅವಳು ಕೈಚೀಲವನ್ನು ಅಲ್ಲೇ ಬಿಸಾಕಿ ಒಳಗೆ ಓಡಿದಳು. "ಅಪ್ಪಾ! ಅಪ್ಪಾ!" ಎನ್ನುವ ಕೂಗು ಕೋಣೆಯಿಂದ ಬಚ್ಚಲಿಗೆ, ಬಚ್ಚಲಿಂದ ಹಿತ್ತಲಿಗೆ ಹೋಯಿತು. ಹೊರಗೆ ಬಂದಾಗ ಅವಳ ಮುಖ ಬಿಳಚಿಕೊಂಡಿತ್ತು.

"ಅಪ್ಪ ಇಲ್ಲ."

"ಇಲ್ಲೇ ಎಲ್ಲೋ ಇರ್ತಾರೆ ಬಿಡಮ್ಮ..."

"ಆ ಹುಲ್ಲು ನಾನು ಬೇಕಂತಾನೇ ಬಿಟ್ಟಿದ್ದೆ ಅಣ್ಣ. ಅಪ್ಪ ಎಲ್ಲಾನೂ ಮರೆತ್ರು, ಟಪಾಲು ಹಂಚೋವಾಗ ಹುಲ್ಲಲ್ಲಿ ಹಾವು ಕಚ್ಚಿದ್ದು ಮಾತ್ರ ಮರೀಲಿಲ್ಲ. ಏನು ಮಾಡಿದ್ರೂ ಹುಲ್ಲಿಗೆ ಕಾಲಿಡಲ್ಲ. ಬೀಗ ಹಾಕಿ ಹೋಗೋಕೆ ನಂಗೆ ಮನಸ್ಸು ಬರ್ಲಿಲ್ಲ. ಗಾಳಿ ಬೆಳಕಲ್ಲಿ ಕೂತಿರ್ಲಿ ಅಂತ..." ಅವಳು ಬೀದಿಯ ಎರಡೂ ತುದಿ ನೋಡಿದಳು. "ಅಪ್ಪನ್ನ ಒಬ್ರನ್ನೇ ಬಿಟ್ಟು ಹೋಗ್ತಾಳೆ ಅಂತ ಬೀದಿಯವರು ಆಡ್ಕೊಳ್ತಾರಲ್ಲ, ಅದಕ್ಕೇ ಯಾರಿಗೂ ಹೇಳ್ಲಿಲ್ಲ."

ಸೆಲೂನಿನವನು ಭಾನುವಾರ ಭಾನುವಾರ ಅದೇ ವರಾಂಡದಲ್ಲಿ ಅಜ್ಜನ ಗಡ್ಡ ಕೆರೆಯುವಾಗ ಆ ಹಾವಿನ ಕಥೆಯನ್ನು ನೂರು ಸಲ ಕೇಳಿದ್ದ. ಕಣಕಾಲಿನ ಕಲೆಯನ್ನೂ ನೋಡಿದ್ದ. ಆದರೆ ಗಿರಾಕಿ ಹೇಳಿದ್ದನ್ನೆಲ್ಲ ಕೂದಲಿನ ಜೊತೆಗೇ ಗುಡಿಸಿ ಹಾಕಬೇಕು ಎಂದು ಅವನ ಅಪ್ಪ ಕಸುಬಿನ ಜೊತೆ ಕಲಿಸಿದ್ದ. ಊರವರ ಒಂದು ಗುಟ್ಟೂ ತನ್ನ ಬಾಯಿಂದ ಹೊರಬಿದ್ದದ್ದಿಲ್ಲವೆಂದು ಅವನಿಗೆ ಹೆಮ್ಮೆ. ಹಾಗೆ ಗುಡಿಸುವಾಗ ಈ ಹಾವೂ ಹೋಗಿತ್ತು.

ಇಬ್ಬರೂ ಬೀದಿಗಿಳಿದರು. ಮೂರನೆಯ ಮನೆಯ ಗೇಟಿನ ಸರಳಿಗೆ ಮಡಿಸಿದ ಕಾಗದವೊಂದು ಸಿಕ್ಕಿಸಿತ್ತು. ಹಳೆಯ ದಿನಪತ್ರಿಕೆಯ ಹಾಳೆ. ನಾಲ್ಕನೆಯ ಮನೆಗೂ ಒಂದು, ಐದನೆಯದಕ್ಕೂ ಒಂದು.

"ಟಪಾಲು ಹಂಚ್ತಾ ಹೋಗಿದಾರೆ," ಎಂದಳು ನರ್ಸಮ್ಮ, ಓಡುತ್ತಲೇ.

ಕಾಗದಗಳು ತಿರುವಿನಲ್ಲಿ ತಿರುಗಿದವು, ಹಿಟ್ಟಿನ ಗಿರಣಿ ದಾಟಿದವು, ಕೊನೆಗೆ ಹೆದ್ದಾರಿಯ ಅಂಚಿನ ಪಂಕ್ಚರ್ ಅಂಗಡಿಯ ಬಾಗಿಲಲ್ಲಿ ನಿಂತುಹೋದವು. ಅಲ್ಲಿಂದ ಮುಂದೆ ಬರೀ ಲಾರಿಗಳು.

ರಸ್ತೆ ನಡುವಿನ ಡಿವೈಡರಿನ ಮೇಲೆ ಅಜ್ಜ ಕೂತಿದ್ದ. ಒಂದು ಕಾಲಲ್ಲಿ ಚಪ್ಪಲಿ ಇರಲಿಲ್ಲ, ಹೆಬ್ಬೆರಳಿಂದ ರಕ್ತ ಸುರಿಯುತ್ತಿತ್ತು. ಎರಡೂ ಕಡೆ ಲಾರಿಗಳು ಹಾರನ್ ಬಾರಿಸುತ್ತ ಅವನ ಅಂಗಿಯನ್ನು ಎಳೆದಾಡಿ ಹೋಗುತ್ತಿದ್ದವು. ಸೆಲೂನಿನವನು ಒಂದು ಕೈ ಎತ್ತಿ, ಜೀವ ಕೈಯಲ್ಲಿ ಹಿಡಿದು ಅಡ್ಡ ಓಡಿದ.

"ಆ ಕಡೆ ಒಂದು ಮನೆ ಬಾಕಿ ಇದೆ ಕಣಪ್ಪಾ," ಎಂದ ಅಜ್ಜ, ಉಳಿದಿದ್ದ ಒಂದೇ ಹಾಳೆಯನ್ನು ತೋರಿಸಿ. "ದಾಟೋಕೆ ಬಿಡ್ತಾನೇ ಇಲ್ಲ ಈ ಲಾರಿಯವ್ರು."

"ಕೊಡಿ ಅಜ್ಜ, ನಾನು ಮುಟ್ಟಿಸ್ತೀನಿ."

ಅಜ್ಜನನ್ನು ಬೆನ್ನ ಮೇಲೆ ಹೊತ್ತು ತಂದ. ದಾರಿಯುದ್ದಕ್ಕೂ ನರ್ಸಮ್ಮ ಅಪ್ಪನ ಬರಿಗಾಲನ್ನು ಕೈಯಲ್ಲಿ ಹಿಡಿದುಕೊಂಡೇ ನಡೆದಳು. ಬೈದಿದ್ದರೆ ಅವನಿಗೆ ಎಷ್ಟೋ ವಾಸಿಯಿತ್ತು. ಮನೆಯಲ್ಲಿ ಅವಳು ಅಪ್ಪನ ಗಾಯ ತೊಳೆದು ಪಟ್ಟಿ ಕಟ್ಟಿದಳು. ಆಮೇಲೆ, ಮರೆಯದೆ, ಇವನ ಕೈಗೆ ಒಂದು ಲೋಟ ಟೀ ಕೊಟ್ಟಳು. ಅವನು ಕೊನೆಯ ಗುಟುಕಿನವರೆಗೆ ಕುಡಿದ.

ಮರುದಿನ ಬೆಳಗ್ಗೆ ಅವನು ಕಿಟಕಿಯ ಮರೆಯಲ್ಲಿ ನಿಂತು ನೋಡಿದ. ನರ್ಸಮ್ಮ ಬಾಗಿಲಿಗೆ ಹೊರಗಿನಿಂದ ಹೊಸ ಬೀಗ ಹಾಕಿದಳು. ಎರಡು ಸಲ ಎಳೆದು ನೋಡಿದಳು. ಬೋಳು ಅಂಗಳದ ನಟ್ಟನಡುವೆ ನಡೆದು, ತಲೆಯೆತ್ತದೆ ಬಸ್ಸಿಗೆ ಹೋದಳು.

ಸೆಲೂನಿನವನು ಬಕೆಟ್ ತುಂಬಿಸಿದ.

"ಅಂಗಡಿ ತೆಗೆಯೋ ಹೊತ್ತಲ್ಲಿ ಎಲ್ಲಿಗೆ ನೀರು?" ಎಂದಳು ಹೆಂಡತಿ. ಅವನು ಬಕೆಟ್ ಎತ್ತಿಕೊಂಡು ಪಕ್ಕದ ಮನೆಯ ಗೇಟು ತೆರೆದ.

ಕಿಟಕಿಯ ಸರಳು ಹಿಡಿದು ಅಜ್ಜ ಕರೆಯುತ್ತಿದ್ದ. "ಬಾಗಿಲು ತೆಗಿಯಪ್ಪಾ, ಟಪಾಲಿಗೆ ಹೊತ್ತಾಯ್ತು."

"ಇವತ್ತು ಟಪಾಲು ಬಂದಿಲ್ಲ ಅಜ್ಜ," ಎಂದ ಅವನು. ಅಜ್ಜನ ಮುಖ ನೋಡುವ ಧೈರ್ಯವಾಗಲಿಲ್ಲ. ಕುಡುಗೋಲು ಸವರಿದ ಕೂಳೆಗಳ ಬುಡಕ್ಕೆ, ಗೇಟಿನಿಂದ ಶುರುಮಾಡಿ, ನಿಧಾನವಾಗಿ ನೀರು ಹನಿಸುತ್ತ ಹೋದ. ಅರ್ಧ ಅಂಗಳಕ್ಕೇ ಬಕೆಟ್ ಖಾಲಿಯಾಯಿತು.

ತಿರುಗಿದಾಗ ಹೆಂಡತಿ ಕಾಂಪೌಂಡಿನ ಆಚೆ ಇನ್ನೊಂದು ಬಕೆಟ್ ಎತ್ತಿ ಹಿಡಿದು ನಿಂತಿದ್ದಳು.