ಎರಡು ನೋಂದಣಿ

ಜಲಜ ಗಂಡನನ್ನು ಕರೆದುಕೊಂಡು ಕೊಡೇರಿಯಿಂದ ಉಡುಪಿಗೆ ಹೋಗಿಬರಲು ತೊಡಗಿ ಏಳು ತಿಂಗಳಾಗಿತ್ತು. ಬುಧವಾರ ಒಮ್ಮೆ, ಶನಿವಾರ ಒಮ್ಮೆ. ಪಾಂಡುವಿನ ಎರಡೂ ಕಿಡ್ನಿ ಹೋಗಿದ್ದವು. ಮೂವತ್ತು ವರ್ಷ ಬಲೆ ಎಳೆದ ಕೈಯಲ್ಲಿ ಈಗ ಡಯಾಲಿಸಿಸ್ ಸೂಜಿಗೆಂದು ಮಾಡಿದ ನರದ ಉಬ್ಬು. ಬೆಳಿಗ್ಗೆ ಮೊದಲ ಬಸ್ಸು ಹಿಡಿದರೆ ಮನೆ ಸೇರುವಾಗ ಸಂಜೆ. ಹಿಂದಿರುಗುವಾಗ ಸಾಸ್ತಾನದ ಟೋಲ್ ಬರುವ ಮೊದಲೇ ಅವನು ಅವಳ ಹೆಗಲಿಗೆ ಒರಗಿಬಿಡುತ್ತಿದ್ದ. ಕಾಲು ಸೆಟೆದು ಹಿಡಿದುಕೊಂಡರೆ ತೆಕ್ಕಟ್ಟೆಯವರೆಗೂ ಅವಳು ಅವನ ಮೀನಖಂಡ ತಿಕ್ಕುತ್ತ ಕೂರಬೇಕು. ಮರುದಿನ ಬೆಳಗಾದರೆ ಬೈಂದೂರು ಪೇಟೆಯಲ್ಲಿ ಮೀನು ಮಾರುವುದು ಇದ್ದೇ ಇತ್ತು.

ಕುಂದಾಪುರದಲ್ಲಿ ಒಂದು ಟ್ರಸ್ಟಿನವರು ಡಯಾಲಿಸಿಸ್ ಕೇಂದ್ರ ತೆರೆಯುತ್ತಾರೆಂಬ ಸುದ್ದಿ ಬಂದಾಗ ಅವಳಿಗೆ ಅರ್ಧ ದಾರಿ ಕಡಿಮೆಯಾದಂತಾಗಿತ್ತು. ಊರ ಶಾಲೆಯಲ್ಲಿ ಶಿಬಿರ ಮಾಡಿ ಹೆಸರು ಬರೆದುಕೊಂಡರು, ನೋಂದಣಿ ಸಂಖ್ಯೆ ಇದ್ದ ಹಸಿರು ಕಾರ್ಡು ಕೊಟ್ಟರು. ವಾರ ಕಳೆದ ಮೇಲೆ ಮಗಳು ಅನಿಷಾಳ ಮೊಬೈಲಿಗೆ ಇಂಗ್ಲಿಷಿನಲ್ಲಿ ಒಂದು ಮೆಸೇಜು ಬಂತು. ಅನಿಷಾ ಪಿಯುಸಿ ಓದಿ ಬೈಂದೂರಿನ ಜವಳಿ ಅಂಗಡಿಯಲ್ಲಿ ಕೆಲಸಕ್ಕಿದ್ದಳು. ಓದಿ, ನೋಂದಣಿ ಆಯಿತಂತೆ ಎಂದಳು. ಇನ್ನು ಕರೆಯುತ್ತಾರೆಂದು ಮೂವರೂ ಕಾದರು. ನಾಲ್ಕು ತಿಂಗಳು ಹೋಯಿತು.

ಉಡುಪಿಯಲ್ಲಿ ಪಾಂಡುವಿನ ಪಕ್ಕದ ಮಂಚಕ್ಕೆ ಗಣಪ ಎಂಬವನು ಬರುತ್ತಿದ್ದ. ತೆಕ್ಕಟ್ಟೆಯವನು, ಪಾಂಡುವಿಗಿಂತ ಎಷ್ಟೋ ಆಮೇಲೆ ಸೇರಿದವನು. ಒಂದು ಬುಧವಾರ ಅವನು ಬರಲಿಲ್ಲ, ಶನಿವಾರವೂ ಇಲ್ಲ. ಆ ವಾರ್ಡಿನಲ್ಲಿ ಯಾರಾದರೂ ಬಾರದಿದ್ದರೆ ಉಳಿದವರು ಕೇಳುವುದಿಲ್ಲ. ಜಲಜಳೂ ಕೇಳಲಿಲ್ಲ.

ತಿಂಗಳಾದ ಮೇಲೆ ಕುಂದಾಪುರದ ಬಸ್‌ಸ್ಟ್ಯಾಂಡಿನಲ್ಲಿ ಯಾರೋ "ಹ್ವಾಯ್, ಜಲಜಕ್ಕ" ಎಂದು ಕರೆದರು. ನೋಡಿದರೆ ಗಣಪನ ಹೆಂಡತಿ ಬಾಗಿ. ಜಲಜಳ ಕಣ್ಣು ಮೊದಲು ಹೋದದ್ದು ಅವಳ ಕುತ್ತಿಗೆಗೆ. ಕರಿಮಣಿ ಇತ್ತು. ಗಣಪನಿಗೆ ಈಗ ಇಲ್ಲಿ ಕುಂದಾಪುರದಲ್ಲೇ ಡಯಾಲಿಸಿಸ್ ಆಗುತ್ತದೆ, ಹನ್ನೆರಡು ಗಂಟೆಗೆಲ್ಲ ಮನೆಯಲ್ಲಿ ಊಟ ಎಂದು ಬಾಗಿ ಹೇಳಿದಳು. ಅವರು ಹೆಸರು ಬರೆಸಿದ್ದು ಯಾವಾಗ ಎಂದು ಜಲಜ ಕೇಳಿದಳು. ಪಾಂಡುವಿನ ಹೆಸರು ಬರೆಸಿ ಎರಡು ತಿಂಗಳು ಕಳೆದ ಮೇಲೆ.

ಮರುದಿನ ಮೀನಿನ ಬುಟ್ಟಿ ತೆಗೆಯದೆ, ಹಸಿರು ಕಾರ್ಡು ಹಿಡಿದು ಜಲಜ ಕೇಂದ್ರಕ್ಕೆ ಹೋದಳು. ದಾರಿಯುದ್ದಕ್ಕೂ ಜಗಳದ ಮಾತು ಹೊಂದಿಸಿಕೊಂಡಿದ್ದಳು. ಕಿಟಕಿಯ ಹಿಂದೆ ಮೋಕ್ಷಿತಾ ಎಂಬ ನರ್ಸು ಕೂತಿದ್ದಳು, ಅನಿಷಾಳಿಗಿಂತ ಎರಡು ವರ್ಷ ದೊಡ್ಡವಳಿರಬಹುದು. ಕಾರ್ಡು ನೋಡಿ, ಕಂಪ್ಯೂಟರ್ ನೋಡಿ, ಹೊರಗೇ ಬಂದು ಬೆಂಚಿನ ಮೇಲೆ ಜಲಜಳ ಪಕ್ಕ ಕೂತಳು.

"ಅಕ್ಕ, ನಿಮ್ದ್ ರಿಜಿಸ್ಟರ್ ಆಯ್ತ್. ಎನ್‌ರೋಲ್ ಆಯ್ಲಿಲ್ಲೆ."

"ಎರ್ಡೂ ಹೆಸ್ರ್ ಬರ್ಸುದೇ ಅಲ್ದಾ?"

"ಅಲ್ಲ ಅಕ್ಕ. ರಿಜಿಸ್ಟರ್ ಅಂದ್ರೆ ಹೀಂಗೊಬ್ರ್ ಇದ್ರ್ ಅಂದೇಳಿ ನಮ್ಗ್ ಗೊತ್ತಾಪುದ್, ಅಷ್ಟೇ. ಎನ್‌ರೋಲ್ ಅಂದ್ರೆ ಇಂಥಾ ದಿನ, ಇಂಥಾ ಹೊತ್ತಿಗೆ ಈ ಬೆಡ್ ಅವ್ರದ್ದ್ ಅಂದೇಳಿ ಆಪುದ್. ಅದ್ಕೆ ಅವ್ರೇ ಬಂದ್, ರಕ್ತದ ರಿಪೋರ್ಟ್ ಕೊಟ್ಟ್, ಸೈನ್ ಹಾಕ್ಕ್. ಮೆಸೇಜ್ ಕಳ್ಸಿತ್ತ್ ನಾವ್."

ಜಲಜ ಕಾರ್ಡನ್ನು ತಿರುಗಿಸಿ ನೋಡಿದಳು. ಅದರಲ್ಲಿ ಕನ್ನಡದಲ್ಲಿ ನೋಂದಣಿ ಎಂದೇ ಇತ್ತು. ಗೋಡೆಗೆ ಅಂಟಿಸಿದ ಹಾಳೆಯಲ್ಲೂ, ಬೆಡ್ ಸಿಕ್ಕವರ ಪಟ್ಟಿಯ ಮೇಲೂ ನೋಂದಣಿ ಎಂದೇ ಇತ್ತು. ಈಗ ಮಾಡಿದರೆ ಯಾವಾಗ ಸಿಗುತ್ತದೆಂದು ಕೇಳಿದಳು. ಎಲ್ಲ ಬೆಡ್ಡೂ ತುಂಬಿವೆ, ಒಂದು ಖಾಲಿಯಾಗಬೇಕು ಎಂದಳು ಮೋಕ್ಷಿತಾ.

"ಖಾಲಿ ಹ್ಯಾಂಗ್ ಆಪುದ್?"

ಆ ಹುಡುಗಿ ಜಲಜಳ ಕೈಯಿಂದ ಕಾರ್ಡು ತೆಗೆದುಕೊಂಡು ಅದರ ಮೂಲೆ ನೇರ ಮಾಡುತ್ತ ಕೂತಳು. ಆಗ ಜಲಜಳಿಗೆ ಅರ್ಥವಾಯಿತು.

ಮನೆಗೆ ಬಂದು ಹೇಳಿದಾಗ ಅನಿಷಾ ಹಳೆಯ ಮೆಸೇಜು ಹುಡುಕಿ ತೆಗೆದಳು. ನಿಮ್ಮ ರಿಜಿಸ್ಟ್ರೇಷನ್ ಆಗಿದೆ, ಕೇಂದ್ರಕ್ಕೆ ಬಂದು ಎನ್‌ರೋಲ್ ಆಗಿ ಎಂದಿತ್ತು. ಎರಡಕ್ಕೂ ನೋಂದಣಿ ಎಂದೇ ಅವಳು ಶಾಲೆಯಲ್ಲಿ ಬಾಯಿಪಾಠ ಮಾಡಿದ್ದಳು. ಆದದ್ದನ್ನೇ ಎರಡು ಸಲ ಬರೆದಿದ್ದಾರೆ ಎಂದುಕೊಂಡಿದ್ದಳಂತೆ. ಬೈಯಲು ಜಲಜಳಿಗೆ ಕಸುವಿರಲಿಲ್ಲ. ಪಾಂಡು ಗೋಡೆಗೆ ಒರಗಿಕೊಂಡು ಕೇಳುತ್ತಿದ್ದವನು, ಶನಿವಾರ ಹೋಗುವಾಗ ಕುಂದಾಪುರದಲ್ಲಿ ಇಳಿದು ಸೈನ್ ಹಾಕಿ ಹೋಗುವ ಎಂದ, ಅಷ್ಟೇ. ಅನಿಷಾ ಆ ದಿನ ಊಟ ಮಾಡಲಿಲ್ಲ. ಅಂಗಡಿಯ ಯಜಮಾನರ ಹತ್ತಿರ ಮಾತಾಡಿ ಶನಿವಾರ ರಜೆ, ಭಾನುವಾರ ಕೆಲಸ ಎಂದು ಮಾಡಿಕೊಂಡಳು. ಅಲ್ಲಿಂದ ಮುಂದೆ ಶನಿವಾರಗಳಲ್ಲಿ ಅಪ್ಪನ ಜತೆ ಅವಳೇ ಹೋದಳು.

ಸೈನ್ ಹಾಕಿದ ಮೇಲೆ ಕಾಯುವವರ ಪಟ್ಟಿಯಲ್ಲಿ ಪಾಂಡುವಿನದು ಮೂರನೆಯ ಹೆಸರು. ಬುಧವಾರ ಬಸ್ಸು ಕುಂದಾಪುರ ದಾಟುವಾಗ ಜಲಜಳ ಕಣ್ಣು ತಾನಾಗಿ ಕೇಂದ್ರದ ಕಡೆ ಹೊರಳುತ್ತಿತ್ತು. ಬಾಗಿಲಲ್ಲಿ ಜನ ಸೇರಿದೆಯೇ, ಆಂಬುಲೆನ್ಸ್ ನಿಂತಿದೆಯೇ. ತಾನು ನೋಡುತ್ತಿರುವುದು ಏನನ್ನು ಎಂದು ಹೊಳೆದ ದಿನ ಅವಳಿಗೆ ತನ್ನ ಮೇಲೇ ಹೇಸಿಗೆಯಾಯಿತು. ಆಮೇಲೆ ಅವಳು ಬಸ್ಸಿನ ಆಚೆ ಬದಿಯ ಸೀಟು ಹಿಡಿಯತೊಡಗಿದಳು. ಅಲ್ಲಿ ಕೂತರೂ ನೆನಪಾಗುವುದು ತಪ್ಪಲಿಲ್ಲ.

ಏಳನೆಯ ವಾರ, ಗುರುವಾರ ಮಧ್ಯಾಹ್ನ, ಪೇಟೆಯಲ್ಲಿ ಬಂಗುಡೆ ಮೀನು ಕೊಯ್ಯುತ್ತಿದ್ದಾಗ ಮೋಕ್ಷಿತಾಳ ಫೋನು ಬಂತು. ಶನಿವಾರ ಬೆಳಿಗ್ಗೆ ಏಳು ಗಂಟೆಗೆ ಬರಬೇಕು, ಬೆಡ್ ಸಿಕ್ಕಿದೆ. ಜಲಜ ಮೀನಿನ ಕೈಯನ್ನು ಸೆರಗಿಗೆ ಒರೆಸಿ, ಫೋನು ಇನ್ನೊಂದು ಕಿವಿಗೆ ಹಿಡಿದಳು. ಕೇಳಬಾರದು ಅಂದುಕೊಂಡಿದ್ದಳು.

"ಅದ್ ಯಾರ್ದಿತ್ತ್?"

"ಶಂಕರನಾರಾಯಣ ಊರ್ ಬದಿಯರ್ ಒಬ್ರದ್ದ್, ಅಕ್ಕ. ಗುಡ್ಡ ಅಂದೇಳಿ ಹೆಸ್ರ್. ಇನ್ ಅವ್ರ್ ಬತ್ತಿಲ್ಲೆ" ಎಂದಳು.

ಮನೆಯಲ್ಲಿ ಅವಳು ಬೆಡ್ ಸಿಕ್ಕಿತು ಎಂದಷ್ಟೇ ಹೇಳಿದಳು. ಪಾಂಡು ತುಸು ಹೊತ್ತು ಕೈಯ ಉಬ್ಬಿನ ಮೇಲೆ ಬೆರಳಾಡಿಸುತ್ತ ಕೂತ. "ಮೊದ್ಲಿದ್ದರ್ ಪ್ರಾಯ ಆದರಾ?" ಎಂದು ಕೇಳಿದ. ಗೊತ್ತಿಲ್ಲ ಎಂದಳು.

ಶನಿವಾರ ಅನಿಷಾ ಬರುತ್ತೇನೆಂದರೂ ಜಲಜಳೇ ಹೋದಳು. ಕಿಟಕಿಯ ಪಕ್ಕದ ಮಂಚ, ಹೊಸ ಹೊದಿಕೆ. ಆಚೆ ಮಂಚದಿಂದ ಗಣಪ ಕೈಯೆತ್ತಿ ನಕ್ಕ. ಹನ್ನೊಂದೂವರೆಗೆ ಎಲ್ಲ ಮುಗಿದು, ಒಂದು ಗಂಟೆಗೆ ಮನೆ. ಪಾಂಡು ಎರಡು ತುತ್ತು ಗಂಜಿ ಉಂಡು ಮಲಗಿದ.

ಅರ್ಧ ದಿನ ಉಳಿದಿತ್ತು. ಪೇಟೆಗೆ ಹೋಗಬಹುದಿತ್ತು. ಜಲಜ ಬುಟ್ಟಿ ತೊಳೆದು ಬಾಗಿಲ ಬಳಿ ಇಟ್ಟಳು. ಸೀರೆ ಬದಲಿಸುವ ಮೊದಲು ಒಂದು ಗಳಿಗೆ ಎಂದು ಬರೀ ನೆಲದ ಮೇಲೆ ಒರಗಿದಳು. ತಿಂಗಳುಗಟ್ಟಲೆ ಕೂಡಿಟ್ಟ ನಿದ್ದೆ ಅವಳನ್ನು ಏಳಗೊಡಲಿಲ್ಲ. ಎಚ್ಚರಾದಾಗ ಬಿಸಿಲು ಇಳಿದಿತ್ತು. ತಲೆಯ ಕೆಳಗೆ ಯಾರೋ ದಿಂಬು ಇಟ್ಟಿದ್ದರು. ಒಳಗೆ ಅನಿಷಾ ಸದ್ದಾಗದಂತೆ ಪಾತ್ರೆ ತೊಳೆಯುತ್ತಿದ್ದಳು.